ಕರ್ತನು ಬಡಿಸಿದ ತಿಂಡಿ

ಭಾನುವಾರದ ಎರಡನೇ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಯೋಹಾನ 21:1–17

  ದಯವಿಟ್ಟು ಕೂತ್ಕೊಳ್ಳಿ.

ಪಕ್ಕದಲ್ಲಿ ಇರೋರನ್ನ ನೋಡಿ ಒಂದು ಪ್ರಶ್ನೆ ಕೇಳಿ. "ತಿಂಡಿ ಆಯ್ತಾ?" ಕೇಳಿ, ಕೇಳಿ, ನಾಚ್ಕೋಬೇಡಿ. ನಮ್ಮ ಬೆಂಗಳೂರಲ್ಲಿ ಬೆಳಿಗ್ಗೆ ಸಿಕ್ಕಿದ್ರೆ ಮೊದಲು ಕೇಳೋದೇ ಅದು. ಅವರು ತಿಂದಿದ್ದಾರೋ ಇಲ್ವೋ ಅಂತ ಲೆಕ್ಕ ತಗೊಳ್ಳೋಕೆ ಯಾರೂ ಕೇಳಲ್ಲ. "ನೀನು ಚೆನ್ನಾಗಿದೀಯಾ, ನಿನ್ನ ಬಗ್ಗೆ ನಂಗೆ ಕಾಳಜಿ ಇದೆ" ಅಂತ ಹೇಳೋ ರೀತಿ ಅದು. ಯೇಸು ಸತ್ತವರೊಳಗಿಂದ ಎದ್ದ ಮೇಲೆ, ಕೆರೆಯ ದಡದಲ್ಲಿ ನಿಂತುಕೊಂಡು, ದೋಣಿಯಲ್ಲಿದ್ದ ತನ್ನ ಶಿಷ್ಯರನ್ನು ಕೇಳಿದ ಮೊದಲ ಮಾತು ಹೆಚ್ಚುಕಡಿಮೆ ಇದೇ. ತಿನ್ನೋಕೆ ಏನಾದ್ರೂ ಇದೆಯಾ ಮಕ್ಕಳೇ ಅಂತ ಕೇಳಿದನು. ಹಲ್ಲೆಲೂಯಾ.

ಈಗ ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಡಿ, ಮನಸ್ಸಲ್ಲೇ ಇಟ್ಕೊಳ್ಳಿ. ಇವತ್ತು ಆರಾಧನೆ ಮುಗಿದ ಮೇಲೆ ಎಲ್ಲಿಗೆ ಹೋಗ್ತೀರಿ? ನಂಗೆ ಗೊತ್ತು, ಕೊನೆಯ ಹಾಡು ಶುರು ಆಗೋ ಹೊತ್ತಿಗೆ ವಾಟ್ಸಾಪ್ ಗ್ರೂಪಲ್ಲಿ ಮಾತುಕತೆ ಶುರುವಾಗಿರುತ್ತೆ. ಮಿಲಿಟರಿ ಹೋಟೆಲ್‌ಗಾ, ಬಿರಿಯಾನಿಗಾ, ನಾರ್ತ್ ಇಂಡಿಯನ್ ಥಾಲಿಗಾ? ನಗಬೇಡಿ, ಪಾಸ್ಟರ್ ಮನೆಯಲ್ಲೂ ಇದೇ ಕಥೆ. ವಾರಕ್ಕೊಂದು ಹೊತ್ತು ನನ್ನ ಹೆಂಡತಿಗೆ ಅಡುಗೆಮನೆಯಿಂದ ರಜೆ. ಮಕ್ಕಳಿಗೆ ಖುಷಿ. ಇದು ಪಾಪ ಅಂತ ಹೇಳೋಕೆ ನಾನು ಇವತ್ತು ನಿಂತಿಲ್ಲ. ಮನೆಯವರ ಜೊತೆ ಒಂದು ಮೇಜಿನ ಸುತ್ತ ಕೂತು ತಿನ್ನೋದು ದೇವರು ಕೊಟ್ಟ ಒಳ್ಳೆಯ ಈವು.

ಆದರೆ ಒಂದು ವಿಷಯ ಕರ್ತನು ನನ್ನ ಹೃದಯದಲ್ಲಿ ಕೆಲವು ತಿಂಗಳಿಂದ ಇಟ್ಟಿದ್ದಾನೆ. ಹನ್ನೆರಡೂವರೆಗೆ ನಾವು ಇಲ್ಲಿ ಕೈ ಎತ್ತಿ ಆರಾಧನೆ ಮಾಡ್ತೀವಿ. ಒಂದೂವರೆಗೆ ಹೋಟೆಲಲ್ಲಿ ಕೂತಿರ್ತೀವಿ. ಆ ಒಂದು ಗಂಟೆಯಲ್ಲಿ ನಮಗೆ ಏನಾಗುತ್ತೆ? ಇಲ್ಲಿ ನನ್ನ ಮೇಲೆ ಇಳಿದ ಪವಿತ್ರಾತ್ಮನು ಅಲ್ಲಿ ನನ್ನ ಜೊತೆ ಮೇಜಿಗೆ ಬರ್ತಾನಾ, ಇಲ್ಲಾ ಪಾರ್ಕಿಂಗ್‌ನಲ್ಲೇ ಬಿಟ್ಟು ಹೋಗ್ತೀನಾ? ಮೂರು ವಿಷಯ ಹೇಳ್ತೀನಿ. ಬರೆದುಕೊಳ್ಳೋರು ಬರೆದುಕೊಳ್ಳಿ.

1. ಕರ್ತನು ತಾನೇ ಬಡಿಸಿದನು

ಯೋಹಾನ 21ಕ್ಕೆ ಬನ್ನಿ. ಏಳು ಜನ ಶಿಷ್ಯರು ತಿಬೇರಿಯ ಸಮುದ್ರಕ್ಕೆ ಮೀನು ಹಿಡಿಯೋಕೆ ಹೋಗಿದ್ದಾರೆ. ರಾತ್ರಿಯೆಲ್ಲಾ ಬಲೆ ಹಾಕಿದರೂ ಏನೂ ಸಿಕ್ಕಿಲ್ಲ. ನಿಮ್ಮಲ್ಲಿ ನೈಟ್ ಶಿಫ್ಟ್ ಮಾಡೋರು ಎಷ್ಟು ಜನ ಇದೀರಿ? ನಿಮಗೆ ಇದು ಅರ್ಥ ಆಗುತ್ತೆ. ಬೆಳಗಿನ ಜಾವ ಕಣ್ಣು ಉರೀತಿರುತ್ತೆ, ಹೊಟ್ಟೆ ಖಾಲಿ, ಮಾಡಿದ ಕೆಲಸಕ್ಕೆ ಫಲ ಇಲ್ಲ. ಆ ಹೊತ್ತಿಗೆ ದಡದಲ್ಲಿ ಒಬ್ಬನು ನಿಂತಿದ್ದಾನೆ. ಬಲಗಡೆ ಬಲೆ ಹಾಕಿ ಅಂದನು. ಹಾಕಿದರು, 153 ದೊಡ್ಡ ಮೀನು. ಇದು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. 153ರ ಅರ್ಥ ಏನು ಅಂತ ಹುಡುಕೋರು ಬಹಳ ಜನ ಇದ್ದಾರೆ. ನಾನು ಇವತ್ತು ಅದಕ್ಕೆ ಹೋಗಲ್ಲ. ನಾನು ನೋಡೋಕೆ ಹೇಳೋದು ಒಂಬತ್ತನೇ ವಚನ. ಅವರು ದಡಕ್ಕೆ ಬಂದಾಗ ಅಲ್ಲಿ ಆಗಲೇ ಕೆಂಡದ ಬೆಂಕಿ ಇತ್ತು, ಅದರ ಮೇಲೆ ಮೀನು ಇತ್ತು, ರೊಟ್ಟಿಯೂ ಇತ್ತು. ಯೇಸು ಅವರನ್ನು ತಿಂಡಿಗೆ ಕರೆದನು. ಆಮೇಲೆ 13ನೇ ವಚನ: ಆತನೇ ಹತ್ತಿರ ಬಂದು, ರೊಟ್ಟಿ ತೆಗೆದುಕೊಂಡು ಅವರಿಗೆ ಕೊಟ್ಟನು. ಮೀನನ್ನೂ ಹಾಗೇ ಕೊಟ್ಟನು.

ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಈತನು ಯಾರು? ಸಮಾಧಿಯನ್ನು ಗೆದ್ದವನು. ಪರಲೋಕದಲ್ಲೂ ಭೂಲೋಕದಲ್ಲೂ ಎಲ್ಲಾ ಅಧಿಕಾರ ಇರುವವನು. ಇಂಥವನು ಒಲೆ ಹಚ್ಚಿದ, ಮೀನು ಸುಟ್ಟ, ಏಳು ಜನರ ಮುಂದೆ ಒಬ್ಬೊಬ್ಬರಿಗೂ ಬಡಿಸಿದ. ನಮ್ಮ ಹೋಟೆಲ್ ಭಾಷೆಯಲ್ಲಿ ಹೇಳಬೇಕು ಅಂದ್ರೆ ಅವತ್ತು ಬೆಳಿಗ್ಗೆ ಭಟ್ಟರೂ ಆತನೇ, ಸಪ್ಲೈಯರೂ ಆತನೇ. ಹಲ್ಲೆಲೂಯಾ ಅಂತೀರಾ? ಈ ಮಾತಿಗೆ ನಾನು ಸುಲಭವಾಗಿ ಹಲ್ಲೆಲೂಯಾ ಅನ್ನೋಕೆ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮಪ್ಪ ಸಪ್ಲೈಯರ್. ಹಾಸನದ ಕಡೆಯ ಒಂದು ಹಳ್ಳಿಯಿಂದ ಹದಿನೈದನೇ ವಯಸ್ಸಲ್ಲಿ ಬೆಂಗಳೂರಿಗೆ ಬಂದರು. ಮೊದಲು ಕ್ಲೀನರ್. ಮೇಜು ಒರೆಸೋದು, ಲೋಟ ಎತ್ತೋದು. ಮಲಗೋದು ಹೋಟೆಲಲ್ಲೇ, ಬೆಂಚು ಜೋಡಿಸಿಕೊಂಡು. ಆಮೇಲೆ ಸಪ್ಲೈಯರ್ ಆದರು. ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನಕ್ಕೆ ಹೋದವರು ನೋಡಿರ್ತೀರಿ, ಅಲ್ಲಿ ಸಪ್ಲೈಯರ್‌ಗಳು ಒಂದು ತೋಳಿನ ಮೇಲೆ ದೋಸೆ ತಟ್ಟೆಗಳನ್ನ ಸಾಲಾಗಿ ಪೇರಿಸ್ಕೊಂಡು ಬರ್ತಾರೆ, ಜನ ಫೋಟೋ ತೆಗೀತಾರೆ. ನಮ್ಮಪ್ಪ ಕೆಲಸ ಮಾಡಿದ್ದು ಅಂಥ ಹೆಸರಿನ ಹೋಟೆಲಲ್ಲಿ ಅಲ್ಲ, ಆದರೆ ಅದೇ ಕಸುಬು. ಹತ್ತು ಮೇಜಿನ ಆರ್ಡರ್ ಬಾಯಲ್ಲೇ ಇರೋದು. ಎರಡು ಮಸಾಲೆ, ಒಂದು ಖಾಲಿ, ಒಂದು ಇಡ್ಲಿ ಸಾಂಬಾರ್ ಸಪರೇಟ್, ಎರಡು ಬೈ-ಟು ಕಾಫಿ. ಚೀಟಿ ಇಲ್ಲ, ಪೆನ್ನಿಲ್ಲ. ಆ ದುಡ್ಡಲ್ಲಿ ನಾನು ಓದಿದ್ದು. ಆದರೆ ಒಂದು ದಿನಾನೂ ಅವರು ನಮ್ಮನ್ನ ಹೋಟೆಲಿಗೆ ಕರ್ಕೊಂಡು ಹೋಗಲಿಲ್ಲ. ರಜೆ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬರುವಾಗ ಪೇಪರಲ್ಲಿ ಸುತ್ತಿದ ಎರಡು ಮದ್ದೂರು ವಡೆ ತರೋರು. ನಾನೂ ತಂಗಿಯೂ ಎದ್ದು ತಿಂತಿದ್ವಿ.

ನಂಗೆ ಮೊದಲ ಸಂಬಳ ಬಂತು. ಆಗ ನಾನಿನ್ನೂ ಬೈಬಲ್ ಕಾಲೇಜಿಗೆ ಸೇರಿರಲಿಲ್ಲ, ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ. ಮನೆಯವರನ್ನೆಲ್ಲಾ ಒಂದು ಎಸಿ ಫ್ಯಾಮಿಲಿ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋದೆ. ನಂಗೆ ಬಹಳ ಹೆಮ್ಮೆ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಸಪ್ಲೈಯರ್ ಬಂದ ತಕ್ಷಣ ಎದ್ದು ನಿಂತುಬಿಟ್ಟರು. ಅಭ್ಯಾಸ. ಊಟ ಆದ ಮೇಲೆ ಎಲ್ಲರ ತಟ್ಟೆ ಒಂದರ ಮೇಲೊಂದು ಜೋಡಿಸಿದರು, ಚಮಚ ಒಂದು ಕಡೆ ಮಾಡಿದರು, ಟಿಶ್ಯೂ ತಗೊಂಡು ಮೇಜು ಒರೆಸೋಕೆ ಶುರು ಮಾಡಿದರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಹಲ್ಲು ಕಚ್ಚಿ ಹೇಳಿದೆ, "ಅಪ್ಪಾ, ಸುಮ್ನೆ ಕೂತ್ಕೊಳಪ್ಪ. ಎಲ್ರೂ ನೋಡ್ತಿದಾರೆ. ಅದಕ್ಕೆ ಅಂತಾನೇ ಅವರಿಗೆ ಸಂಬಳ ಕೊಡ್ತಾರೆ."

ಅಪ್ಪ ಕೈ ಹಿಂದಕ್ಕೆ ತಗೊಂಡರು. ಮಡಿಲಲ್ಲಿ ಇಟ್ಕೊಂಡು ಕೂತರು. ಬಿಲ್ ಬರೋ ತನಕ ಒಂದು ಮಾತೂ ಆಡಲಿಲ್ಲ.

ಎಷ್ಟೋ ವರ್ಷ ಆದ ಮೇಲೆ, ಯೋಹಾನ 21 ಓದುವಾಗ, 13ನೇ ವಚನದಲ್ಲಿ ನಾನು ನಿಂತುಹೋದೆ. ಯೇಸು ಬಡಿಸ್ತಾ ಇದ್ದಾನೆ. ಯಾವ ಕೆಲಸ ಮಾಡಿದ ಕೈ ನೋಡಿ ನಂಗೆ ನಾಚಿಕೆ ಆಯ್ತೋ, ಆ ಕೆಲಸವನ್ನು ನನ್ನ ಕರ್ತನು ಪುನರುತ್ಥಾನದ ನಂತರ ತನ್ನ ಮಹಿಮೆಯ ಕೈಯಿಂದ ಮಾಡಿದನು. ಮೊಳೆ ಹೊಡೆದ ಗಾಯ ಇರೋ ಕೈಯಿಂದ. ನಾನು ಕರ್ತನೇ ಕರ್ತನೇ ಅಂತಿದ್ದೆ, ಆತನಂತೆ ತಟ್ಟೆ ಮುಟ್ಟಿದ ನಮ್ಮಪ್ಪನನ್ನು ಸುಮ್ನೆ ಕೂತ್ಕೋ ಅಂದಿದ್ದೆ.

ಇಲ್ಲಿ ಕೂತಿರೋ ಯೌವನಸ್ಥರೇ, ನಿಮ್ಮಲ್ಲಿ ಬಹಳ ಜನರ ಅಪ್ಪ ಆಟೋ ಓಡಿಸಿದ್ದಾರೆ, ಅಮ್ಮ ಗಾರ್ಮೆಂಟ್ಸ್‌ನಲ್ಲಿ ದುಡಿದಿದ್ದಾರೆ, ಬೇರೆಯವರ ಮನೆ ಪಾತ್ರೆ ತೊಳೆದಿದ್ದಾರೆ. ಈಗ ನೀವು ಟೆಕ್ ಪಾರ್ಕಿನಲ್ಲಿ ಇದೀರಿ. ದೇವರಿಗೆ ಸ್ತೋತ್ರ. ಆದರೆ ಅವರನ್ನ ಒಳ್ಳೆ ಹೋಟೆಲಿಗೆ ಕರ್ಕೊಂಡು ಹೋದಾಗ, ಅವರು ಮೆನು ಕಾರ್ಡ್ ನೋಡಿ "ಇಷ್ಟೊಂದಾ ರೇಟು!" ಅಂತ ಜೋರಾಗಿ ಹೇಳಿದಾಗ, ಫಿಂಗರ್ ಬೌಲ್ ನೋಡಿ ಏನು ಮಾಡ್ಬೇಕು ಅಂತ ಗೊತ್ತಾಗದೆ ನಿಮ್ಮ ಮುಖ ನೋಡಿದಾಗ, ನಿಮ್ಮ ಮುಖದಲ್ಲಿ ಅವರಿಗೆ ಏನು ಕಾಣಿಸುತ್ತೆ? ತಂದೆತಾಯಿಗಳನ್ನು ಸನ್ಮಾನಿಸು ಅನ್ನೋ ಆಜ್ಞೆ ಹೋಟೆಲ್ ಬಾಗಿಲ ಹೊರಗೆ ನಿಲ್ಲೋದಿಲ್ಲ.

2. ಮೊದಲು ತಿಂಡಿ, ಆಮೇಲೆ ಪ್ರಶ್ನೆ

ಪೇತ್ರನ ಕಡೆಗೆ ನೋಡಿ. ಕೆಲವೇ ದಿನಗಳ ಹಿಂದೆ ಈತ ಏನು ಮಾಡಿದ್ದ? ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ತಾ ನಿಂತು, ಆತನನ್ನು ನಾನು ಅರಿಯೆ ಅಂದ. ಮೂರು ಸಲ. ಯೋಹಾನ 18:18ರಲ್ಲಿ ಆ ಬೆಂಕಿಗೆ ಒಂದು ಗ್ರೀಕ್ ಪದ ಇದೆ, ಇದ್ದಿಲು ಕೆಂಡದ ಬೆಂಕಿ ಅಂತ ಅರ್ಥ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಎರಡೇ ಕಡೆ. ಒಂದು ಅಲ್ಲಿ. ಇನ್ನೊಂದು ಇಲ್ಲಿ, ಈ ದಡದಲ್ಲಿ. ಅಂದ್ರೆ ಪೇತ್ರ ನೀರಲ್ಲಿ ಧುಮುಕಿ ಒದ್ದೆ ಬಟ್ಟೆಯಲ್ಲಿ ಓಡಿ ಬಂದಾಗ ಅವನ ಮೂಗಿಗೆ ಮೊದಲು ಬಡಿದದ್ದು ಅದೇ ಕೆಂಡದ ವಾಸನೆ. ತಾನು ಸೋತುಹೋದ ರಾತ್ರಿಯ ವಾಸನೆ.

ಈಗ ಯೇಸು ಏನು ಮಾಡಬಹುದಿತ್ತು? ಎಲ್ಲರ ಮುಂದೆ ಕೇಳಬಹುದಿತ್ತು, "ಏನಪ್ಪಾ ಪೇತ್ರ, ನನ್ನ ಗೊತ್ತಿಲ್ಲ ಅಂದ್ಯಂತೆ?" ಆತನು ಹಾಗೆ ಮಾಡಲಿಲ್ಲ. ಮೊದಲು ತಿಂಡಿ ಕೊಟ್ಟನು. 15ನೇ ವಚನ ನೋಡಿ, ಅವರು ತಿಂದು ಮುಗಿಸಿದ ಮೇಲೆ ಪ್ರಶ್ನೆ ಬರುತ್ತೆ. ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಸೋತವನಿಗೆ ಮೂರು ಸಲ ಅವಕಾಶ. ಆದರೆ ಹಸಿದ ಹೊಟ್ಟೆಯಲ್ಲಿ ಅಲ್ಲ. ನಮ್ಮ ಕರ್ತನು ಎಷ್ಟು ಒಳ್ಳೆಯವನು!

ನಾವು ಹೇಗಿದೀವಿ? ನಮಗೆ ಮೊದಲು ಪ್ರಶ್ನೆ. ತಿಂಡಿ ಸಿಕ್ಕಿದ್ರೂ ಸಿಕ್ಕಿತು, ಇಲ್ಲದಿದ್ರೂ ಇಲ್ಲ. ಮನೆಯವರೆಲ್ಲಾ ಒಟ್ಟಿಗೆ ಕೂರೋದೇ ವಾರಕ್ಕೊಂದು ಸಲ. ಅವತ್ತೇ ದೋಸೆ ಬರೋಕೆ ಮುಂಚೆ ಶುರು ಮಾಡ್ತೀವಿ. ಮಗನ ಮಾರ್ಕ್ಸ್ ಕಾರ್ಡ್. ಮಗಳ ಮದುವೆ ಯಾಕೆ ತಡ. ತಮ್ಮ ಯಾಕೆ ಸಾಲ ತೀರಿಸಿಲ್ಲ. ಅರ್ಧ ದೋಸೆ ಹಾಗೇ ಉಳಿಯುತ್ತೆ, ಒಬ್ಬರು ಕಣ್ಣೊರೆಸ್ಕೊಂಡು ಕೈ ತೊಳೆಯೋಕೆ ಹೋಗ್ತಾರೆ. ಇನ್ನು ಕೆಲವು ಮನೆಗಳಲ್ಲಿ ಪ್ರಶ್ನೆನೂ ಇಲ್ಲ, ಮಾತೂ ಇಲ್ಲ. ನಾಲ್ಕು ಜನ, ನಾಲ್ಕು ಫೋನು. ಕೇಳಬೇಕಾದ ಪ್ರಶ್ನೆ ಕೇಳಲೇಬೇಡಿ ಅಂತ ನಾನು ಹೇಳ್ತಿಲ್ಲ. ಯೇಸು ಕೇಳಿದನು. ನೇರವಾಗಿಯೇ ಕೇಳಿದನು. ಆದರೆ ಕೇಳೋ ಅಧಿಕಾರವನ್ನು ಮೊದಲು ಬಡಿಸಿ ಸಂಪಾದಿಸಿದನು.

ಇಲ್ಲಿ ನನ್ನದೇ ಇನ್ನೊಂದು ಸಾಕ್ಷಿ ಹೇಳಬೇಕು. ಇದು ಒಳ್ಳೆಯ ಸಾಕ್ಷಿ ಅಲ್ಲ, ಆದರೂ ಹೇಳ್ತೀನಿ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ. ನಾನು ಇದೇ ಜಾಗದಲ್ಲಿ ನಿಂತು ಪ್ರೀತಿಯ ಬಗ್ಗೆ ಸಂದೇಶ ಕೊಟ್ಟಿದ್ದೆ. ಆಮೇಲೆ ಹೆಂಡತಿ, ಮಗಳು, ನಾನು ಒಂದು ಹೋಟೆಲಿಗೆ ಹೋದ್ವಿ. ಬಹಳ ರಶ್ಶು. ಕಾದು ಕಾದು ಮೇಜು ಸಿಕ್ಕಿತು. ಆರ್ಡರ್ ಕೊಟ್ಟು ಅರ್ಧ ಗಂಟೆ ಆದರೂ ಊಟ ಬರಲಿಲ್ಲ. ನಮಗಿಂತ ಆಮೇಲೆ ಬಂದವರಿಗೆ ಬಂತು. ಸಪ್ಲೈಯರ್ ಅಸ್ಸಾಮಿನ ಕಡೆಯ ಹುಡುಗ, ಇಪ್ಪತ್ತು ವಯಸ್ಸು ಇರಬಹುದು. ಕನ್ನಡ ಅಷ್ಟಕ್ಕಷ್ಟೆ. ಕೊನೆಗೆ ತಂದದ್ದೂ ತಪ್ಪು ಆರ್ಡರ್. ನಾನು ಕೂಗಾಡಿದೆ. "ಕಾಮನ್ ಸೆನ್ಸ್ ಇಲ್ವಾ ನಿಂಗೆ? ಬರೋಕೆ ಮುಂಚೆ ಸ್ವಲ್ಪ ಕನ್ನಡ ಕಲಿಯೋಕೆ ಆಗಲ್ವಾ? ಕರಿ ನಿಮ್ಮ ಮ್ಯಾನೇಜರ್‌ನ." ಎಲ್ಲರೂ ತಿರುಗಿ ನೋಡಿದರು. ಹುಡುಗ ತಟ್ಟೆ ಎತ್ಕೊಂಡು ತಲೆ ತಗ್ಗಿಸಿ ಹೋದ. ಸರಿಯಾದ ಊಟ ಬಂತು. ನಾನು ಕಣ್ಣು ಮುಚ್ಚಿ ಊಟಕ್ಕೋಸ್ಕರ ಸ್ತೋತ್ರ ಪ್ರಾರ್ಥನೆ ಮಾಡಿದೆ. ಜೋರಾಗಿಯೇ ಮಾಡಿದೆ.

ಕಣ್ಣು ಬಿಟ್ಟಾಗ ನನ್ನ ಮಗಳು ನನ್ನನ್ನೇ ನೋಡ್ತಾ ಇದ್ದಳು. ಆರು ವರ್ಷ ಅವಳಿಗೆ. ಕೇಳಿದಳು, "ಅಪ್ಪಾ, ತಾತಂಗೂ ಹಿಂಗೇ ಬೈತಿದ್ರಾ?"

ಪ್ರಿಯರೇ, ಬೈಬಲ್ ಕಾಲೇಜಿನಲ್ಲಿ ನನಗೆ ಪ್ರಸಂಗಶಾಸ್ತ್ರ ಕಲಿಸಿದ್ದಾರೆ. ಆ ಆರು ವರ್ಷದ ಮಗು ಮಾಡಿದ ಪ್ರಸಂಗದಷ್ಟು ಬಲವಾದದ್ದನ್ನ ನಾನು ಇವತ್ತಿನವರೆಗೂ ಕೇಳಿಲ್ಲ. ಒಂದೇ ಬಾಯಿಂದ ಸ್ತೋತ್ರವೂ ಶಾಪವೂ ಬರಬಾರದು ಅಂತ ಯಾಕೋಬನು ಮೂರನೇ ಅಧ್ಯಾಯದಲ್ಲಿ ಬರೆದದ್ದು ನಂಗೆ ಬಾಯಿಪಾಠ. ಅವತ್ತು ಅದು ನನ್ನ ತಟ್ಟೆಯಲ್ಲೇ ಬಂದು ಬಿದ್ದಿತು.

ನಾನು ಎದ್ದು ಆ ಹುಡುಗನನ್ನ ಹುಡುಕ್ಕೊಂಡು ಹೋದೆ. ಕೈ ತೊಳೆಯೋ ಜಾಗದ ಹತ್ತಿರ ನಿಂತಿದ್ದ. ನಾನು ಬರೋದು ನೋಡಿ ಹೆದರಿಬಿಟ್ಟ. ನಾನು ಬಾಯಿ ತೆಗೆಯೋಕೆ ಮುಂಚೆ ಹಿಂದಿಯಲ್ಲಿ, ಸಾರ್, ಮಾಲೀಕರಿಗೆ ಹೇಳಬೇಡಿ, ಸಂಬಳ ಹಿಡಿತಾರೆ ಅಂದ. ಕ್ಷಮೆ ಕೇಳೋಕೆ ಬಂದೆ ತಮ್ಮಾ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಊಟ ಆಯ್ತಾ ಅಂತ ಕೇಳಿದೆ. ಇಲ್ಲ, ನಾಲ್ಕು ಗಂಟೆ ಆಗುತ್ತೆ ಅಂದ. ಬೆಳಿಗ್ಗೆ ಆರಕ್ಕೆ ಬಂದವನು. ನಾವೆಲ್ಲಾ ತಿಂದು ಹೋದ ಮೇಲೆ ಉಳಿದದ್ದು ತಿನ್ನಬೇಕು. ಅರ್ಧ ಗಂಟೆ ಕಾದಿದ್ದಕ್ಕೆ ನಾನು ಕೂಗಾಡಿದೆ. ಅವನು ಹತ್ತು ಗಂಟೆ ಕಾಯ್ತಾ, ಬೇರೆಯವರ ಊಟ ಕೈಯಲ್ಲಿ ಹಿಡ್ಕೊಂಡು ಓಡಾಡ್ತಾ ಇದ್ದ.

ಅವತ್ತು ಸಾಯಂಕಾಲ ನಾನು ಅಪ್ಪನ ಹತ್ತಿರ ಹೋದೆ. ನಿಮಗೆ ಗೊತ್ತಿರೋ ಹಾಗೆ ಅಪ್ಪ ಇನ್ನೂ ಸಭೆಗೆ ಬಂದಿಲ್ಲ. ನಾನು ರಕ್ಷಣೆ ಹೊಂದಿ ಹದಿನಾಲ್ಕು ವರ್ಷ ಆಯ್ತು. ಮೊದಲ ವರ್ಷಗಳಲ್ಲಿ ನಾನು ಅವರ ಜೊತೆ ವಾದ ಮಾಡಿದೆ, ಕರಪತ್ರ ಕೊಟ್ಟೆ, ಒಂದು ಸಲ ಜಗಳ ಆಡಿ ಬಾಗಿಲು ಬಡಿದು ಬಂದೆ. ಅದೇ, ಮೊದಲು ಪ್ರಶ್ನೆ. ತಿಂಡಿ ಯಾವತ್ತೂ ಇಲ್ಲ. ಅವತ್ತು ಮಾತ್ರ ನಡೆದದ್ದನ್ನೆಲ್ಲಾ ಹೇಳಿದೆ. ಮಗಳು ಕೇಳಿದ್ದನ್ನೂ ಹೇಳಿದೆ. ಆ ಎಸಿ ಹೋಟೆಲಿನ ದಿನಕ್ಕೋಸ್ಕರ ಕ್ಷಮಿಸಪ್ಪ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ನಂಗೆ ಕೂತು ತಿಂದು ಅಭ್ಯಾಸ ಇರ್ಲಿಲ್ಲ ಕಣೋ. ಅಷ್ಟೇ."

ನಂಗೆ ಏನು ಹೇಳಬೇಕೋ ತೋಚಲಿಲ್ಲ. ಈ ಯೋಹಾನ 21ರ ಕಥೆ ಹೇಳಿದೆ. ವಾದ ಮಾಡೋಕೆ ಅಲ್ಲ, ಸುಮ್ಮನೆ ಹೇಳಿದೆ. ಯೇಸು ಬಡಿಸಿದ, ಕೆಂಡದ ಮೇಲೆ ಮೀನು ಇಟ್ಟಿದ್ದ ಅಂತ. ಅಪ್ಪ ಮಧ್ಯದಲ್ಲೇ ತಡೆದರು. "ಅವರು ಬರೋ ಹೊತ್ತಿಗೆ ಕೆಂಡ ಆಗಿತ್ತಾ?" ಹೌದು ಅಂದೆ. ಹಳೇ ಕಾಲದ ಸೌದೆ ಒಲೆ, ಇದ್ದಿಲು ಒಲೆ ಮುಂದೆ ಬೆಳೆದ ಮನುಷ್ಯ ಅವರು. ಹೇಳಿದರು, "ಇದ್ದಿಲು ಹಚ್ಚಿದ ತಕ್ಷಣ ಅಡುಗೆ ಆಗಲ್ಲ. ಹೊಗೆ ಹೋಗಬೇಕು, ಉರಿ ಇಳಿಯಬೇಕು, ಮೇಲೆ ಬೂದಿ ಕಟ್ಟಬೇಕು. ಆಮೇಲೆ ಮೀನು ಇಡೋದು. ಹಂಗಾದ್ರೆ ಆಯಪ್ಪ ಬಹಳ ಹೊತ್ತಿಗೆ ಮುಂಚೆನೇ ಬಂದು ಒಲೆ ಹಚ್ಚಿ ಕಾಯ್ತಾ ಇದ್ದ."

ಬೈಬಲ್ ಕಾಲೇಜಿನಲ್ಲಿ ಯಾರೂ ನಂಗೆ ಇದನ್ನ ಹೇಳಿಕೊಡಲಿಲ್ಲ. ರಕ್ಷಣೆ ಹೊಂದದ ನಮ್ಮಪ್ಪ ಹೇಳಿಕೊಟ್ಟರು. ಅಂದ್ರೆ ಏನು? ಶಿಷ್ಯರು ಇನ್ನೂ ಖಾಲಿ ಬಲೆ ಎಳೀತಾ ಇದ್ದಾಗಲೇ, ಪೇತ್ರ ಇನ್ನೂ ತನ್ನ ಅಪರಾಧದ ಭಾರ ಹೊತ್ಕೊಂಡು ಕತ್ತಲಲ್ಲಿ ಇದ್ದಾಗಲೇ, ದಡದಲ್ಲಿ ಒಲೆ ಹತ್ತಿತ್ತು. ಪೇತ್ರ ಕ್ಷಮೆ ಕೇಳೋಕೆ ಮುಂಚೆ ಅವನ ತಿಂಡಿ ಒಲೆ ಮೇಲಿತ್ತು. ಹಲ್ಲೆಲೂಯಾ! ಇವತ್ತು ಇಲ್ಲಿ ಯಾರೋ ಒಬ್ಬರು ಖಾಲಿ ಬಲೆ ಹಿಡ್ಕೊಂಡು ಬಂದಿದೀರಿ. ಕೇಳಿ, ನೀವು ದಾರಿ ಹುಡುಕ್ತಾ ಇದ್ದಾಗಲೇ ಆತನು ನಿಮಗೋಸ್ಕರ ಕೆಂಡ ಸಿದ್ಧ ಮಾಡಿದ್ದಾನೆ.

3. ಮೇಜಿಗೆ ಯಾರು ಬರಬಹುದು?

ನಾವು ಪೆಂತೆಕೋಸ್ತಿನವರು. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ನಮ್ಮ ಮನೆಯ ವಿಳಾಸ ಇದ್ದ ಹಾಗೆ. ಆದರೆ ಬಹಳ ಜನ ಅದನ್ನ ಅರ್ಧ ಮಾತ್ರ ಓದ್ತೀವಿ. ಅಧ್ಯಾಯದ ಶುರುವಿನಲ್ಲಿ ಬೆಂಕಿಯ ನಾಲಿಗೆಗಳು. ಅಧ್ಯಾಯದ ಕೊನೆಯಲ್ಲಿ ಏನಿದೆ? ಮನೆಮನೆಯಲ್ಲಿ ರೊಟ್ಟಿ ಮುರಿದು ಸಂತೋಷದಿಂದ ಒಟ್ಟಿಗೆ ಊಟ ಮಾಡ್ತಿದ್ದರು. ಶುರುವಲ್ಲಿ ಬೆಂಕಿ, ಕೊನೆಯಲ್ಲಿ ಊಟ. ಊಟ ಹಂಚಿಕೊಳ್ಳೋಕೆ ಕಲಿಸದ ಬೆಂಕಿ ಪಂಚಾಶತ್ತಮ ದಿನದ ಬೆಂಕಿ ಅಲ್ಲ.

10ನೇ ಅಧ್ಯಾಯದಲ್ಲಿ ಪೇತ್ರನು ಕೈಸರೈಯದಲ್ಲಿ ಕೊರ್ನೇಲ್ಯನ ಮನೆಗೆ ಹೋದ. ಅನ್ಯಜನರ ಮೇಲೆ ಪವಿತ್ರಾತ್ಮ ಇಳಿದನು, ಅವರು ಅನ್ಯಭಾಷೆಗಳಲ್ಲಿ ಮಾತಾಡಿದರು. ಎಂಥಾ ದೊಡ್ಡ ಕಾರ್ಯ! ಪೇತ್ರ ಯೆರೂಸಲೇಮಿಗೆ ವಾಪಸ್ ಬಂದಾಗ ಅಲ್ಲಿನವರ ತಕರಾರು ಏನಾಗಿತ್ತು ಗೊತ್ತಾ? 11:3 ಓದಿ. ಅನ್ಯಭಾಷೆಯ ಬಗ್ಗೆ ಅಲ್ಲ, ದೀಕ್ಷಾಸ್ನಾನದ ಬಗ್ಗೆ ಅಲ್ಲ. ಸುನ್ನತಿ ಇಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದ್ಯಲ್ಲ ಅಂತ. ಮತ್ತೆ ಗಲಾತ್ಯ 2ರಲ್ಲಿ ಅದೇ ಪೇತ್ರ ಅಂತಿಯೋಕ್ಯದಲ್ಲಿ ಎಡವಿದ. ಅನ್ಯಜನರ ಜೊತೆ ಊಟ ಮಾಡ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದಾಗ ಹೆದರಿ ಮೆಲ್ಲಗೆ ಹಿಂದಕ್ಕೆ ಸರಿದ. ಬಾರ್ನಬನೂ ಅವನ ಹಿಂದೆ ಹೋದ. ಪೌಲನು ಎಲ್ಲರ ಎದುರಿಗೇ ಅವನನ್ನು ಗದರಿಸಿದನು. ಬರೀ ಊಟದ ವಿಷಯಕ್ಕೆ ಇಷ್ಟು ಯಾಕೆ? ಮೇಜು ಒಡೆದರೆ ಸುವಾರ್ತೆಯೇ ಒಡೆಯುತ್ತೆ ಅಂತ ಪೌಲನಿಗೆ ಗೊತ್ತಿತ್ತು.

ಇದು ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಕಾಲದ ಎಷ್ಟೋ ಹೋಟೆಲುಗಳಲ್ಲಿ ಮೇಲ್ಜಾತಿಯವರಿಗೆ ಬೇರೆ ಜಾಗ, ಬೇರೆ ಪಂಕ್ತಿ ಇತ್ತು. ಹಳ್ಳಿಯ ಚಹಾ ಅಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ಇತ್ತು, ದಲಿತರ ಲೋಟ ಹೊರಗೆ, ಕುಡಿದು ಅವರೇ ತೊಳೆದಿಡಬೇಕು. ಅದಕ್ಕೇ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 15ನೇ ವಿಧಿಯಲ್ಲಿ ಬಾವಿ, ಕೆರೆ, ರಸ್ತೆಯ ಜೊತೆ ಹೋಟೆಲಿನ ಹೆಸರನ್ನೂ ಬರೆಯಿತು. ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡಬಾರದು. ನಮ್ಮ ಸಭೆಯಲ್ಲಿ ಕೂತಿರೋ ಕೆಲವರ ಅಜ್ಜ, ಮುತ್ತಜ್ಜ ಆ ಹೊರಗಿನ ಲೋಟದಲ್ಲಿ ಕುಡಿದವರು. ಯೇಸುವಿನ ಮೇಜಿಗೆ ಅವರು ಓಡಿ ಬಂದದ್ದು ಯಾಕೆ ಅಂತ ನಿಮಗೆ ಅರ್ಥ ಆಗಬೇಕು.

ಇವತ್ತು ಬೆಂಗಳೂರಿನ ಯಾವುದೇ ದರ್ಶಿನಿಗೆ ಹೋಗಿ. ಟೋಕನ್ ತಗೊಂಡು ನಿಂತ್ಕೊಂಡು ತಿನ್ನೋದು. ಒಂದೇ ಎತ್ತರದ ಮೇಜಿನ ಮೇಲೆ ಆಟೋ ಡ್ರೈವರ್‌ನ ಇಡ್ಲಿ, ಮ್ಯಾನೇಜರ್‌ನ ಚೌ ಚೌ ಬಾತ್. ಯಾರು ಯಾವ ಜಾತಿ ಅಂತ ಯಾರೂ ಕೇಳಲ್ಲ. ಹಾಗಾದ್ರೆ ನಮ್ಮ ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಏನು ನಡೆಯುತ್ತೆ? ನಾನು ಹಲವು ವಾರ ನಿಂತು ನೋಡಿದ್ದೇನೆ. ಕಾರಿರೋರು ಕಾರಿರೋರ ಜೊತೆ ಹೋಗ್ತಾರೆ. ಐಟಿ ಗುಂಪು ಒಂದು ಕಡೆ. ಇಂಗ್ಲಿಷ್ ಮಾತಾಡೋರು ಒಂದು ಕಡೆ. ಅದೇ ಸಾಲಿನಲ್ಲಿ ಪಕ್ಕದಲ್ಲೇ ನಿಂತು ಆರಾಧಿಸಿದ ಹೌಸ್‌ಕೀಪಿಂಗ್ ಕೆಲಸದ ಅಕ್ಕಂದಿರು, ಸೆಕ್ಯೂರಿಟಿ ಕೆಲಸದ ಅಣ್ಣಂದಿರು ಬಸ್ ಸ್ಟಾಪ್ ಕಡೆಗೆ ನಡೀತಾರೆ. ಯಾರೂ ಕೆಟ್ಟವರಲ್ಲ. ಯಾರಿಗೂ ಬೇಕು ಅಂತ ಮಾಡೋ ಉದ್ದೇಶ ಇಲ್ಲ. ಬರೀ ಕರೆಯೋದಿಲ್ಲ, ಅಷ್ಟೇ. ಕೊರಿಂಥದ ಸಭೆಯಲ್ಲೂ ಹೀಗೇ ಆಯ್ತು. ಇದ್ದವರು ಮೊದಲೇ ತಿಂದುಬಿಟ್ಟರು, ಇಲ್ಲದವರು ಹಸಿದುಕೊಂಡು ನಿಂತರು. ನೀವು ಸೇರಿಬರುವುದರಿಂದ ಒಳ್ಳೇದಕ್ಕಿಂತ ಕೆಟ್ಟದ್ದೇ ಆಗ್ತಿದೆ ಅಂತ ಪೌಲನು ಅವರಿಗೆ ಬರೆಯಬೇಕಾಯ್ತು. ಕೃಪಾವರಗಳು ತುಂಬಿ ತುಳುಕುತ್ತಿದ್ದ ಸಭೆಗೆ ಬರೆದ ಮಾತು ಅದು.

ಈಗ ಅನ್ವಯ. ಬಹಳ ದೊಡ್ಡ ಸಂಗತಿಗಳಲ್ಲ, ಇವತ್ತಿಂದಲೇ ಮಾಡಬಹುದಾದದ್ದು.

ಒಂದು, ನಿಮಗೆ ಬಡಿಸೋರ ಮುಖ ನೋಡಿ, ಹೆಸರು ಕೇಳಿ. "ಏಯ್", "ಶ್ ಶ್" ಅಂತ ಕರೀಬೇಡಿ. ಅಣ್ಣಾ ಅನ್ನಿ, ತಮ್ಮಾ ಅನ್ನಿ, ಅಕ್ಕಾ ಅನ್ನಿ. ಕನ್ನಡ ಬರದಿದ್ರೆ ಪ್ರೀತಿಯಿಂದ ಎರಡು ಪದ ಕಲಿಸಿ. ಊಟ ತಂದುಕೊಡೋ ಡೆಲಿವರಿ ಹುಡುಗರಿಗೂ ಇದೇ ಮಾತು. ಮಳೆಯಲ್ಲಿ ನೆನೆದು ಬಂದವನಿಗೆ ಹತ್ತು ನಿಮಿಷ ತಡ ಆಯ್ತು ಅಂತ ಒಂದು ಸ್ಟಾರ್ ಕೊಡೋಕೆ ಮುಂಚೆ ಒಂದು ಲೋಟ ನೀರು ಕೊಡಿ.

ಎರಡು, ಟಿಪ್ಸ್. ಮೆನು ಕಾರ್ಡಿನಲ್ಲಿ ಒಂದು ಐಸ್‌ಕ್ರೀಮ್ ಕಡಿಮೆ ಮಾಡಿ, ಅದನ್ನ ಅವರ ಕೈಯಲ್ಲಿ ಕೊಡಿ. ದುಡ್ಡು ಕೊಡದೆ ಅದರ ಜಾಗದಲ್ಲಿ ಕರಪತ್ರ ಇಟ್ಟು ಬರಬೇಡಿ. ದಯವಿಟ್ಟು. ಹಸಿದವನ ಕೈಗೆ ಬರೀ ಕಾಗದ ಕೊಟ್ಟು ಸುವಾರ್ತೆ ಸಾರಿದೆ ಅಂದ್ಕೋಬೇಡಿ.

ಮೂರು, ಮನೆಯವರ ಜೊತೆ ಕೂತಾಗ ಫೋನ್ ಬ್ಯಾಗಲ್ಲಿ ಇರಲಿ, ಕಷ್ಟದ ಪ್ರಶ್ನೆ ಕೈ ತೊಳೆದ ಮೇಲೆ ಬರಲಿ. ಮೊದಲು ತಿಂಡಿ.

ನಾಲ್ಕು, ಇವತ್ತು ಹೋಗುವಾಗ ನಿಮ್ಮ ಗುಂಪಿನಲ್ಲಿ ಇಲ್ಲದ ಒಬ್ಬರನ್ನ ಕರೆಯಿರಿ. ದುಡ್ಡಿಲ್ಲ ಅಂದ್ರೆ ದೊಡ್ಡ ಹೋಟೆಲ್ ಬೇಡ, ದರ್ಶಿನಿಯಲ್ಲಿ ಬೈ-ಟು ಕಾಫಿ ಸಾಕು. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಉಜ್ಜಿ ಯಾರೂ ಔತಣ ಮಾಡಬೇಡಿ. ಯೇಸು ಕೊಟ್ಟದ್ದು ರೊಟ್ಟಿ ಮತ್ತು ಮೀನು. ಆ ಕಾಲದ ಬಡವರ ಊಟ ಅದು.

ಮುಗಿಸ್ತೀನಿ. ಸಂಗೀತದವರು ಮುಂದೆ ಬನ್ನಿ.

ಅವತ್ತಿನಿಂದ ನಾನು ಅಪ್ಪನನ್ನ ಪ್ರತಿ ಭಾನುವಾರ ಊಟಕ್ಕೆ ಕರೀತೀನಿ. ಸಭೆಗೆ ಬರಲ್ಲ ಅಂತಾರೆ. ಊಟಕ್ಕೆ ಬರ್ತಾರೆ. ಈಗಲೂ ಕುರ್ಚಿಯ ತುದಿಯಲ್ಲೇ ಕೂರ್ತಾರೆ, ಈಗಲೂ ತಟ್ಟೆ ಜೋಡಿಸ್ತಾರೆ. ನಾನು ಈಗ ಸುಮ್ನೆ ಕೂತ್ಕೊ ಅನ್ನಲ್ಲ. ನಾನೂ ಜೋಡಿಸ್ತೀನಿ. ನನ್ನ ಮಗಳೂ ಚಮಚ ಒಂದು ಕಡೆ ಮಾಡ್ತಾಳೆ. ಹೋದ ತಿಂಗಳು ಅವರಾಗಿಯೇ ಕೇಳಿದರು, "ಆ ಮೀನಿನ ಕಥೆಯಲ್ಲಿ, ಗೊತ್ತಿಲ್ಲ ಅಂದಿದ್ನಲ್ಲ ಅವನು, ಅವನಿಗೂ ಬಡಿಸಿದ್ನಾ?" ಹೌದಪ್ಪಾ, ಅವನಿಗೂ ಬಡಿಸಿದ ಅಂದೆ. ತಲೆ ಅಲ್ಲಾಡಿಸಿ ಸುಮ್ಮನಾದರು. ನಾನೂ ಸುಮ್ಮನಾದೆ. ಮೊದಲೆಲ್ಲಾ ಆಗಿದ್ರೆ ತಕ್ಷಣ ನಾಲ್ಕು ವಚನ ಹೇಳಿಬಿಡ್ತಿದ್ದೆ. ಕೆಂಡ ಆಗೋಕೆ ಹೊತ್ತು ಬೇಕು ಅಂತ ಅವರೇ ನಂಗೆ ಕಲಿಸಿದ್ದಾರಲ್ಲ. ಇವತ್ತೂ ಒಂದೂವರೆಗೆ ಬರ್ತಾರೆ. ಅವರಿಗೋಸ್ಕರ ಪ್ರಾರ್ಥನೆ ಮಾಡಿ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಯಾರಾದರೂ ಪೇತ್ರನ ಹಾಗೆ ಸೋತು, ಆತನ ಮುಖ ನೋಡೋಕೆ ಹೆದರ್ತಾ ಇದ್ದರೆ, ಇದ್ದಲ್ಲಿಯೇ ಕೈ ಎತ್ತಿ. ಯಾರಾದರೂ ತಂದೆತಾಯಿಯ ಬಗ್ಗೆ ನಾಚಿಕೆ ಪಟ್ಟಿದ್ದರೆ, ಬಡಿಸಿದವರನ್ನ ಬೈದಿದ್ದರೆ, ಕರ್ತನ ಮುಂದೆ ಒಪ್ಪಿಕೊಳ್ಳಿ. ನೋಡ್ತಾ ಇದ್ದೇನೆ, ದೇವರು ನಿಮ್ಮನ್ನು ಆಶೀರ್ವದಿಸಲಿ. ಹಿಂದಿನ ಸಾಲು, ಬಾಲ್ಕನಿ, ನೋಡ್ತಾ ಇದ್ದೇನೆ.

ಪ್ರಾರ್ಥಿಸೋಣ. ಕರ್ತನಾದ ಯೇಸುವೇ, ನಾವು ಬರೋಕೆ ಮುಂಚೆಯೇ ನಮಗೋಸ್ಕರ ಒಲೆ ಹಚ್ಚಿ ಕಾದವನೇ, ನಿನಗೆ ಸ್ತೋತ್ರ. ನಾವು ನಿನ್ನನ್ನು ಅರಿಯೆವು ಎಂದ ರಾತ್ರಿಗಳನ್ನು ಕ್ಷಮಿಸು. ನಮ್ಮ ತಂದೆತಾಯಿಗಳ ಒರಟಾದ ಕೈಗಳಲ್ಲಿ ನಿನ್ನ ಕೈಯನ್ನು ಕಾಣುವ ಕಣ್ಣು ಕೊಡು. ಈ ನಗರದ ಹೋಟೆಲುಗಳಲ್ಲಿ ನಿಂತು ಬಡಿಸುವ, ಪಾತ್ರೆ ತೊಳೆಯುವ, ದೂರದ ಊರುಗಳಿಂದ ಬಂದ ನಮ್ಮ ತಮ್ಮಂದಿರನ್ನೂ ತಂಗಿಯರನ್ನೂ ಆಶೀರ್ವದಿಸು. ಅವರ ಹಸಿವನ್ನು ನೋಡು. ಇನ್ನು ಒಂದು ಗಂಟೆಯಲ್ಲಿ ನಾವು ಯಾವ ಮೇಜಿನ ಮುಂದೆ ಕೂರುತ್ತೇವೋ, ಅಲ್ಲಿ ನಿನ್ನ ಪವಿತ್ರಾತ್ಮನು ನಮ್ಮ ಜೊತೆ ಇರಲಿ, ನಮ್ಮ ನಾಲಿಗೆಯನ್ನು ಆಳಲಿ. ಇನ್ನೂ ನಿನ್ನನ್ನು ಅರಿಯದ ನಮ್ಮ ಮನೆಯವರಿಗಾಗಿ ತಾಳ್ಮೆಯಿಂದ ಕೆಂಡ ಕಾಯುವ ಕೃಪೆ ಕೊಡು. ಯೇಸುಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಹೋಗಿ ಬನ್ನಿ. ಹೋಗುವಾಗ ಒಬ್ಬರನ್ನ ಕೇಳೋದು ಮರೀಬೇಡಿ: ಊಟ ಆಯ್ತಾ?